ಫಿನಾಯಿಲ್ ವಾಸನಿ ಬಂದರೆ ವೈರಸ್ ಸತ್ತಂಗೇನು?



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುವ ಪಾಳಿ ನನ್ನದು. "ಪುಸ್ತಕ ನೋಡಿ ಇಳಿಸಬ್ಯಾಡ, ನಿಮ್ಮ ಮನ್ಯಾಗಿಂದ ಏನರ ಬರಿ" ಎಂದು ನಮ್ಮ ವಿಜ್ಞಾನದ ಗುರುಗಳು ಹೇಳಿದರು. ಹೋದ ವರ್ಷ ನಮ್ಮ ಮನೆಯಲ್ಲಿ ನಡೆದದ್ದು ನಮ್ಮ ಓಣಿಯವರಿಗೆಲ್ಲ ಗೊತ್ತು. ಆದರೂ ಬರೆಯುತ್ತೇನೆ. ಯಾಕಂದ್ರ ಅದರಲ್ಲಿ ನನ್ನ ಪಾಲೂ ಇದೆ.

ಅಪ್ಪ ಸಂತೆಯಿಂದ ಒಂದು ಎಮ್ಮಿ ಮತ್ತು ಅದರ ಕರ ತಂದಿದ್ದರು. ಎಂಟು ದಿನದೊಳಗೆ ಎಮ್ಮಿ ಬಾಯಿಂದ ಜೊಲ್ಲು ಸುರಿಸತೊಡಗಿತು. ಮೇವು ಮುಟ್ಟಲಿಲ್ಲ, ಕಾಲು ಕುಂಟುತ್ತಿತ್ತು. ದನದ ಡಾಕ್ಟರು ಬಂದು ಬಾಯಿ ತೆರೆದು ನೋಡಿ, "ಕಾಲುಬಾಯಿ ಬ್ಯಾನಿ ಐತ್ರಿ" ಅಂದರು. ಎಮ್ಮಿ ಉಳಿಯಿತು, ಹಾಲು ಮಾತ್ರ ಅರ್ಧಕ್ಕೆ ಇಳಿಯಿತು. ಕರ ಉಳಿಯಲಿಲ್ಲ. ಸಣ್ಣ ಕರಗಳಿಗೆ ಈ ವೈರಸ್ ಹೃದಯಕ್ಕೇ ಬಡಿಯುತ್ತದಂತೆ.

ಆಮೇಲೆ ಅಪ್ಪ ಎಮ್ಮಿಯನ್ನು ತ್ವಾಟಕ್ಕೆ ಕಳಿಸಿ ಕೊಟ್ಟಿಗೆ ಖಾಲಿ ಮಾಡಿದರು. ಒಂದು ಡಬ್ಬಿ ಫಿನಾಯಿಲ್ ತಂದರು. ಅದನ್ನು ಬಕೆಟ್ಟಿನಲ್ಲಿ ಕಲಸಿ ಕೊಟ್ಟಿಗೆಗೆ ಚೆಲ್ಲಿದವಳು ನಾನೇ. ಸೆಗಣಿ ಒಣಗಿ ನೆಲಕ್ಕೆ ಹತ್ತಿತ್ತು. ಅದರ ಮೇಲೇ ಚೆಲ್ಲಿದೆ. ವಾಸನೆ ಓಣಿ ತುಂಬಿತು. ಆಯಿ, "ಈಗ ಸ್ವಚ್ಛ ಆತು ನೋಡವಾ" ಅಂದಳು. ಹನ್ನೆರಡು ದಿನ ಬಿಟ್ಟು ಕಾಕಾ ತಮ್ಮ ಕರ ಕಟ್ಟಲು ಜಾಗ ಕೇಳಿದರು. "ಕಟ್ಟರಿ ಕಾಕಾ, ನಾನ ಫಿನಾಯಿಲ್ ಹಾಕೀನಿ" ಅಂದೆ. ಆ ಕರಕ್ಕೂ ಬ್ಯಾನಿ ಬಂತು. ಅದೂ ಸತ್ತಿತು. ಅಪ್ಪ ಕಾಕಾ ಎರಡು ತಿಂಗಳು ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಡಾಕ್ಟರು ಆಗ ನನ್ನನ್ನು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಆ ಫಿನಾಯಿಲ್ ಯಾವುದರ ಮ್ಯಾಲ ಪರೀಕ್ಷೆ ಮಾಡ್ಯಾರ ಅಂತ ಡಬ್ಬಿ ಮ್ಯಾಲ ಓದಿದ್ದೇನ?" ನಾನು ಓದಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಈ ಲೇಖನ.

ಡಬ್ಬಿಯ ಮೇಲಿನ ಅಂಕಿ

ನಿಮ್ಮ ಮನೆಯ ಫಿನಾಯಿಲ್ ಡಬ್ಬಿಯನ್ನು ತಿರುಗಿಸಿ ನೋಡಿರಿ. ಬಹಳಷ್ಟು ಡಬ್ಬಿಗಳ ಮೇಲೆ "ಆರ್.ಡಬ್ಲ್ಯೂ.ಸಿ." ಎಂದು ಬರೆದು ಮುಂದೆ ಒಂದು ಅಂಕಿ ಇರುತ್ತದೆ. ಅದು ರಿಡೀಲ್ ಮತ್ತು ವಾಕರ್ ಎಂಬ ಇಬ್ಬರು ಇಂಗ್ಲೆಂಡಿನ ರಸಾಯನ ಶಾಸ್ತ್ರಜ್ಞರ ಹೆಸರು. ಅವರು 1903ರಲ್ಲಿ ಒಂದು ಪರೀಕ್ಷೆ ಕಂಡುಹಿಡಿದರು. ಟೈಫಾಯಿಡ್ ಜ್ವರದ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಲ್ಲಿ ಒಂದು ಔಷಧ ಶುದ್ಧ ಫೀನಾಲ್‌ಗಿಂತ ಎಷ್ಟು ಪಟ್ಟು ಜೋರು ಎಂದು ಆ ಪರೀಕ್ಷೆ ಹೇಳುತ್ತದೆ. ಅಂಕಿ 5 ಇದ್ದರೆ, ಫೀನಾಲ್‌ಗಿಂತ ಐದು ಪಟ್ಟು ತೆಳ್ಳಗೆ ಮಾಡಿದರೂ ಅಷ್ಟೇ ಹೊತ್ತಿನಲ್ಲಿ ಆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಅರ್ಥ.

ಅಂಕಿ ಸುಳ್ಳಲ್ಲ. ಆದರೆ ಅದು ಟೈಫಾಯಿಡ್ ಬ್ಯಾಕ್ಟೀರಿಯಾದ ಅಂಕಿ. ನಮ್ಮ ಎಮ್ಮಿಗೆ ಬಂದದ್ದು ವೈರಸ್. ಗಣಿತದಲ್ಲಿ 90 ಅಂಕ ಬಂದ ಹುಡುಗ ಹಿಂದಿಯಲ್ಲೂ ಪಾಸಾಗಿದ್ದಾನೆ ಅಂತ ಹೇಳಲಿಕ್ಕೆ ಬರತದೇನು? ಅದಕ್ಕೆ ಬೇರೆ ಪರೀಕ್ಷೆಯೇ ಬೇಕು.

ಕೋಟು ಹಾಕಿದ ವೈರಸ್, ಕೋಟು ಇಲ್ಲದ ವೈರಸ್

ವೈರಸ್ಸುಗಳಲ್ಲಿ ಎರಡು ಬಗೆ. ಕೆಲವಕ್ಕೆ ಹೊರಗೆ ಕೊಬ್ಬಿನ ಪೊರೆ ಇರುತ್ತದೆ. ಕೊರೋನಾ, ಫ್ಲೂ ಇಂಥವು. ಆ ಪೊರೆ ಒಡೆದರೆ ವೈರಸ್ ಕೆಲಸಕ್ಕೆ ಬರುವುದಿಲ್ಲ. ಎಣ್ಣೆಯ ಜಿಡ್ಡು ಸಾಬೂನಿಗೆ ಬಿಡುವಂತೆ ಈ ಪೊರೆಯೂ ಸಾಬೂನಿಗೆ, ಸ್ಪಿರಿಟ್ಟಿಗೆ ಒಡೆಯುತ್ತದೆ.

2020ರಲ್ಲಿ ನಾವೆಲ್ಲ ಸಣ್ಣವರಿದ್ದೆವು. ಆ ಮಾರ್ಚ್ ತಿಂಗಳಲ್ಲಿ ನಮ್ಮ ದೇಶದ ಮೊದಲ ಕೊರೋನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ. ಆಗ ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳಿಗೂ ಸ್ಯಾನಿಟೈಜರ್ ಮಾಡಲು ಸರಕಾರ ಅನುಮತಿ ಕೊಟ್ಟಿತು. ನಮ್ಮ ಮಹಾಲಿಂಗಪುರದ ಸುತ್ತಿನ ಕಬ್ಬು ಬೆಲ್ಲವೂ ಆಗುತ್ತದೆ, ಸಕ್ಕರೆಯೂ ಆಗುತ್ತದೆ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಸ್ಪಿರಿಟ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಸ್ಯಾನಿಟೈಜರ್ ಲೆಕ್ಕದಲ್ಲಿ 100 ಭಾಗಕ್ಕೆ 80 ಭಾಗ ಇಂಥ ಸ್ಪಿರಿಟ್ಟೇ. ನೂರಕ್ಕೆ ನೂರು ಯಾಕೆ ಬೇಡ ಅಂದ್ರ, ರೋಗಾಣುವಿನ ಪ್ರೋಟೀನು ಕೆಡಲು ಸ್ವಲ್ಪ ನೀರೂ ಬೇಕು. ಬರೇ ಸ್ಪಿರಿಟ್ ಬೇಗ ಹಾರಿಯೂ ಹೋಗುತ್ತದೆ.

ಕಾಲುಬಾಯಿ ಬ್ಯಾನಿಯ ವೈರಸ್ಸಿಗೆ ಆ ಕೊಬ್ಬಿನ ಕೋಟು ಇಲ್ಲ. ಒಳಗೆ ಒಂದು ಎಳೆ ಆರ್.ಎನ್.ಎ., ಹೊರಗೆ ಪ್ರೋಟೀನಿನ ಗಟ್ಟಿ ಕವಚ, ಅಷ್ಟೇ. ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಲ್ಲಿ 30 ಸಾವಿರಕ್ಕೂ ಹೆಚ್ಚು ನಿಲ್ಲುತ್ತವೆ. ದನಗಳ ರೋಗಕ್ಕೆ ಇಂಥ ಸೂಕ್ಷ್ಮ ವಸ್ತು ಕಾರಣ ಎಂದು 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ತೋರಿಸಿದರು. ಪ್ರಾಣಿಗಳ ವೈರಸ್ಸುಗಳಲ್ಲಿ ಮೊದಲು ಪತ್ತೆಯಾದದ್ದೇ ಇದು. ಒಡೆಯಲು ಪೊರೆಯೇ ಇಲ್ಲದ್ದರಿಂದ ಫಿನಾಯಿಲ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಸೆಗಣಿ ಇದ್ದರಂತೂ ಇನ್ನೂ ಕಡಿಮೆ.

ಆದರೆ ಈ ಗಟ್ಟಿಗನಿಗೂ ಒಂದು ದೌರ್ಬಲ್ಯ ಇದೆ. ಹುಳಿ ಹೆಚ್ಚಾದರೂ ತಡೆಯದು, ಕ್ಷಾರ ಹೆಚ್ಚಾದರೂ ತಡೆಯದು. ಪಿ.ಎಚ್. 6ಕ್ಕಿಂತ ಕೆಳಗೆ ಹೋದರೆ ಅಥವಾ 9ಕ್ಕಿಂತ ಮೇಲೆ ಏರಿದರೆ ಅದು ಕೆಡುತ್ತದೆ. ಹುಳಿಯಲ್ಲಿ ಅದರ ಕವಚದ 60 ಭಾಗಗಳು ಐದೈದರ 12 ಗುಂಪಾಗಿ ಬಿಚ್ಚಿಹೋಗುತ್ತವೆ. ಅದಕ್ಕೇ ಡಾಕ್ಟರು ಹೇಳುವುದು ಬಟ್ಟೆ ಒಗೆಯುವ ಸೋಡಾ. 4 ಪರ್ಸೆಂಟ್ ಸೋಡಾ ನೀರು ಈ ವೈರಸ್ಸಿಗೆ ಸಾಕು. ಅಂಗಡಿಯಲ್ಲಿ ಫಿನಾಯಿಲ್‌ಗಿಂತ ಅಗ್ಗ, ವಾಸನೆಯೂ ಇಲ್ಲ. ವಾಸನೆ ಇಲ್ಲದ್ದಕ್ಕೇ ಏನೋ ನಾವು ಯಾರೂ ಅದನ್ನು ನಂಬಿರಲಿಲ್ಲ.

ಹಂಗಾದ್ರ ಪರೀಕ್ಷೆ ಹೆಂಗ ಮಾಡತಾರ?

ಬ್ಯಾಕ್ಟೀರಿಯಾ ಆದರೆ ಸಾರಿನಂಥ ಆಹಾರದಲ್ಲೇ ಬೆಳೆಯುತ್ತದೆ. ಸತ್ತಿದೆಯೋ ಬದುಕಿದೆಯೋ ಬೆಳೆದಾಗ ತಿಳಿಯುತ್ತದೆ. ವೈರಸ್ಸಿಗೆ ಸ್ವಂತ ಬಾಳುವೆ ಇಲ್ಲ. ಜೀವಂತ ಕೋಶದೊಳಗೆ ಹೊಕ್ಕರೆ ಮಾತ್ರ ಅದು ಹೆಚ್ಚುತ್ತದೆ. ಆದ್ದರಿಂದ ಮೊದಲು ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶ ಬೆಳೆಸಬೇಕು. 1949ರಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಎಂಬ ಮೂವರು ಪೋಲಿಯೋ ವೈರಸ್ಸನ್ನು ಹೀಗೆ ಬೆಳೆಸಿ ತೋರಿಸಿದರು. 1954ರಲ್ಲಿ ಅವರಿಗೆ ನೋಬೆಲ್ ಬಂತು. ಕಾಲುಬಾಯಿ ವೈರಸ್ಸಿಗೆ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಮರಿಯ ಮೂತ್ರಪಿಂಡದಿಂದ ಬಂದ ಕೋಶಗಳನ್ನು ಬಳಸುತ್ತಾರೆ.

ಪರೀಕ್ಷೆಯ ಹಂತಗಳು ಹೀಗಿವೆ:

1. ನಾಣ್ಯದಂಥ ಸಣ್ಣ ಸ್ಟೀಲ್ ಬಿಲ್ಲೆಗಳ ಮೇಲೆ ಲೆಕ್ಕ ಗೊತ್ತಿರುವಷ್ಟು ವೈರಸ್ಸಿನ ಹನಿ ಇಡುತ್ತಾರೆ. ಅದರಲ್ಲಿ ಬೇಕಂತಲೇ ಸ್ವಲ್ಪ ರಕ್ತದ ಸೀರಂ ಕಲಸಿರುತ್ತಾರೆ. ಯಾಕಂದ್ರ ನಿಜವಾದ ನೆಲ ಎಂದೂ ಚೊಕ್ಕಟ ಇರುವುದಿಲ್ಲ. ಆಮೇಲೆ ಹನಿ ಒಣಗಿಸುತ್ತಾರೆ.

2. ಕೆಲವು ಬಿಲ್ಲೆಗಳ ಮೇಲೆ ಔಷಧ, ಕೆಲವಕ್ಕೆ ಬರೇ ನೀರು. ಎರಡಕ್ಕೂ ಒಂದೇ ಹೊತ್ತು. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ ಎಂದು ಗಡಿಯಾರ ಹಿಡಿದು ನೋಡುತ್ತಾರೆ.

3. ಹೊತ್ತು ಮುಗಿದ ಕೂಡಲೇ ಔಷಧದ ಶಕ್ತಿ ನಿಲ್ಲಿಸುವ ಇನ್ನೊಂದು ದ್ರವ ಹಾಕುತ್ತಾರೆ. ಇಲ್ಲದಿದ್ದರೆ ಔಷಧ ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ, ಐದು ನಿಮಿಷದ ಲೆಕ್ಕ ತಪ್ಪುತ್ತದೆ.

4. ಬಿಲ್ಲೆಯಿಂದ ತೊಳೆದ ನೀರನ್ನು ಹತ್ತರಲ್ಲಿ ಒಂದು ಪಾಲು, ಮತ್ತೆ ಅದರ ಹತ್ತರಲ್ಲಿ ಒಂದು ಪಾಲು ಎಂದು ತೆಳ್ಳಗೆ ಮಾಡುತ್ತ ಹೋಗುತ್ತಾರೆ. ಆಯಿ ಮಜ್ಜಿಗೆಗೆ ನೀರು ಹಾಕಿದಂಗ! ಪ್ರತಿ ಪಾಲನ್ನೂ ಕೋಶಗಳ ಮೇಲೆ ಹಾಕಿ ಕೆಲವು ದಿನ ಬೆಚ್ಚಗೆ ಇಡುತ್ತಾರೆ.

5. ವೈರಸ್ ಬದುಕಿದ್ದರೆ ಕೋಶಗಳು ಸಾಯುತ್ತವೆ. ಕೋಶಗಳ ಹಾಸಿನಲ್ಲಿ ನುಸಿ ತಿಂದ ಬಟ್ಟೆಯಂತೆ ತೂತು ಬೀಳುತ್ತವೆ. ಆ ತೂತು ಎಣಿಸಿ ವೈರಸ್ ಲೆಕ್ಕ ಹಾಕುವುದನ್ನು 1952ರಲ್ಲಿ ಡುಲ್ಬೆಕ್ಕೊ ತೋರಿಸಿಕೊಟ್ಟರು. ಎಷ್ಟು ತೆಳ್ಳಗೆ ಮಾಡಿದ ಮೇಲೆ ಕೋಶ ಉಳಿಯುತ್ತವೆ ಎನ್ನುವುದರಿಂದಲೂ ಲೆಕ್ಕ ಸಿಗುತ್ತದೆ.

6. ಇನ್ನೊಂದು ತಟ್ಟೆಗೆ ವೈರಸ್ ಇಲ್ಲದೆ ಔಷಧ ಮತ್ತು ಅದನ್ನು ನಿಲ್ಲಿಸುವ ದ್ರವ ಮಾತ್ರ ಹಾಕುತ್ತಾರೆ. ಕೋಶಗಳನ್ನು ಕೊಂದದ್ದು ವೈರಸ್ಸೋ ಔಷಧವೋ ತಿಳಿಯಬೇಕಲ್ಲ?

ಎರಡನೇ ಹಂತದಲ್ಲಿ ಬರೇ ನೀರು ಯಾಕೆ ಅಂತ ನಾನು ಬಹಳ ವಿಚಾರ ಮಾಡಿದೆ. ವೈರಸ್ ಒಣಗುವಾಗಲೇ ಒಂದಿಷ್ಟು ತಾನಾಗಿ ಸಾಯುತ್ತದೆ. ನೀರಿನ ಬಿಲ್ಲೆ ಇರದಿದ್ದರೆ ಆ ಸಾವನ್ನೂ ಔಷಧದ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಅಪ್ಪ ಹೊಸ ಗೊಬ್ಬರ ತಂದಾಗ ಕಬ್ಬಿನಲ್ಲಿ ಒಂದು ಸಾಲು ಗೊಬ್ಬರ ಹಾಕದೆ ಬಿಡುತ್ತಾರೆ. ಅದೂ ಇದೇ ವಿಜ್ಞಾನ.

ಇಂಥ ಜೀವಂತ ವೈರಸ್ಸನ್ನು ಎಲ್ಲೆಂದರಲ್ಲಿ ಇಟ್ಟುಕೊಳ್ಳಲಿಕ್ಕೆ ಬರುವುದಿಲ್ಲ. ಹೊರಹೋಗುವ ಗಾಳಿಯನ್ನೂ ಸೋಸುವ, ಒಳಗೆ ಹೋದವರು ಸ್ನಾನ ಮಾಡಿಯೇ ಹೊರಗೆ ಬರುವ ಪ್ರಯೋಗಾಲಯ ಬೇಕು. ಕಾಲುಬಾಯಿ ರೋಗಕ್ಕೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ಒಡಿಶಾದ ಭುವನೇಶ್ವರದಲ್ಲಿದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರವೂ ಈ ವೈರಸ್ ಮತ್ತು ಲಸಿಕೆಯ ಮೇಲೆ ಕೆಲಸ ಮಾಡುತ್ತ ಬಂದಿದೆ.

99.9 ಅಂದರೆ ಎಷ್ಟು?

ಬಾಟಲಿಗಳ ಮೇಲೆ "99.9% ರೋಗಾಣು ನಾಶ" ಎಂದು ಇರುತ್ತದೆ. ನಾನು ಅದನ್ನು "ಎಲ್ಲಾ ಸತ್ತವು" ಎಂದೇ ಓದುತ್ತಿದ್ದೆ. ಲೆಕ್ಕ ಮಾಡಿ ನೋಡೋಣ. ಬಿಲ್ಲೆಯ ಮೇಲೆ 10 ಲಕ್ಷ ವೈರಸ್ ಇದ್ದವು ಅನ್ನಿರಿ.

90% ಸತ್ತರೆ ಉಳಿದದ್ದು 1,00,000
99% ಸತ್ತರೆ ಉಳಿದದ್ದು 10,000
99.9% ಸತ್ತರೆ ಉಳಿದದ್ದು 1,000
99.99% ಸತ್ತರೆ ಉಳಿದದ್ದು 100

ಒಂದೊಂದು ಮೆಟ್ಟಿಲಿಗೂ ಒಂದು ಸೊನ್ನೆ ಕಡಿಮೆ. ಇದನ್ನು ವಿಜ್ಞಾನಿಗಳು "ಲಾಗ್" ಮೆಟ್ಟಿಲು ಅನ್ನುತ್ತಾರೆ. ಅಮೆರಿಕದಲ್ಲಿ ನೆಲ, ಮೇಜು ಒರೆಸುವ ಔಷಧ ವೈರಸ್ ವಿರುದ್ಧ ಪಾಸಾಗಲು ಕನಿಷ್ಠ 3 ಮೆಟ್ಟಿಲು ಇಳಿಸಬೇಕು. ಯುರೋಪಿನ ಒಂದು ಮುಖ್ಯ ಪರೀಕ್ಷೆಯಲ್ಲಿ 4 ಮೆಟ್ಟಿಲು. 99.9 ಮತ್ತು 99.99 ನೋಡಲು ಒಂದೇ ಥರ ಕಂಡರೂ ಒಂದರಲ್ಲಿ ಇನ್ನೊಂದರ ಹತ್ತು ಪಟ್ಟು ವೈರಸ್ ಉಳಿದಿರುತ್ತವೆ.

ಇನ್ನೊಂದು ಮಾತು. ಆ ಅಂಕಿ ಬಂದದ್ದು ಪರೀಕ್ಷೆಯಲ್ಲಿ ಹೇಳಿದಷ್ಟು ಹೊತ್ತು ಬಿಲ್ಲೆ ಹಸಿ ಇದ್ದದ್ದಕ್ಕೆ. ಬಾಟಲಿಯ ಮೇಲೆ ಹತ್ತು ನಿಮಿಷ ಎಂದಿದ್ದರೆ ಹತ್ತು ನಿಮಿಷ ಹಸಿ ಇರಬೇಕು. ನಾವು ಚೆಲ್ಲಿ ಕೂಡಲೇ ಬರಲು ತಗೊಂಡು ಬಳಿದರೆ ಆ ಅಂಕಿ ನಮ್ಮ ನೆಲಕ್ಕೆ ಅನ್ವಯಿಸುವುದಿಲ್ಲ.

ನಮ್ಮ ಶಾಲೆಯಲ್ಲಿ ಮಾಡಿದ ಪ್ರಯೋಗ

ವೈರಸ್ ಪರೀಕ್ಷೆ ನಾವು ಮಾಡುವಂಥದ್ದಲ್ಲ, ಮಾಡಲೂಬಾರದು. ಆದರೆ ಹೊಲಸು ಔಷಧವನ್ನು ಹೇಗೆ ನುಂಗುತ್ತದೆ ಎಂದು ಗುರುಗಳು ತೋರಿಸಿದರು. ಬ್ಲೀಚಿಂಗ್ ಪೌಡರನ್ನು ಚಿಟಿಕೆಯಷ್ಟು ನೀರಿನಲ್ಲಿ ಕದಡಿ, ಕೆಳಗೆ ನಿಂತ ಮೇಲೆ ತಿಳಿನೀರನ್ನು ಎರಡು ಗ್ಲಾಸಿಗೆ ಸಮನಾಗಿ ಹಾಕಿದೆವು. ಒಂದು ಗ್ಲಾಸಿಗೆ ಸೋಸಿದ ಸೆಗಣಿ ನೀರು ಎರಡು ಚಮಚ, ಇನ್ನೊಂದಕ್ಕೆ ಶುದ್ಧ ನೀರು ಎರಡು ಚಮಚ. ಹತ್ತು ನಿಮಿಷ ಬಿಟ್ಟು ಎರಡಕ್ಕೂ ಒಂದೊಂದು ಹನಿ ನೀಲಿ ಶಾಯಿ ಹಾಕಿದೆವು. ಶುದ್ಧ ನೀರಿನ ಗ್ಲಾಸಿನಲ್ಲಿ ಶಾಯಿ ಬಣ್ಣ ಬಿಟ್ಟಿತು. ಸೆಗಣಿ ನೀರಿನ ಗ್ಲಾಸಿನಲ್ಲಿ ನೀಲಿ ಹಾಗೇ ಉಳಿಯಿತು. ಔಷಧವೆಲ್ಲ ಸೆಗಣಿಗೇ ಖರ್ಚಾಗಿ ಹೋಗಿತ್ತು. ಇದು ವೈರಸ್ ಸಾಯುವ ಪರೀಕ್ಷೆ ಅಲ್ಲ ಎಂದು ಗುರುಗಳು ಎರಡು ಸಲ ಹೇಳಿದರು. ಆದರೆ ಆ ನೀಲಿ ನೋಡಿದಾಗ ನನಗೆ ನಮ್ಮ ಕೊಟ್ಟಿಗೆಯ ನೆಲವೇ ಕಂಡಿತು.

(ಮನೆಯಲ್ಲಿ ಒಬ್ಬೊಬ್ಬರೇ ಮಾಡಬ್ಯಾಡ್ರಿ. ಬ್ಲೀಚಿಂಗ್ ಪೌಡರನ್ನು ಆಸಿಡ್, ಸಂಡಾಸ ತೊಳೆಯುವ ದ್ರವ, ಫಿನಾಯಿಲ್ ಯಾವುದರ ಜೊತೆಯೂ ಕಲಸಬಾರದು. ಆಸಿಡ್ ಕೂಡಿದರೆ ವಿಷದ ಗಾಳಿ ಹುಟ್ಟುತ್ತದೆ.)

2020ರಲ್ಲಿ ಊರೂರಲ್ಲಿ ರಸ್ತೆಗೆ, ಗೋಡೆಗೆ ಔಷಧ ಹೊಡೆದದ್ದು ನಿಮಗೂ ನೆನಪಿರಬಹುದು. ಆ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಇದನ್ನೇ: ರಸ್ತೆಯ ಮಣ್ಣು ಹೊಲಸು ಔಷಧವನ್ನು ಕೆಡಿಸುತ್ತದೆ, ಸಿಂಪಡಿಸಿ ಪ್ರಯೋಜನವಿಲ್ಲ. ಮನುಷ್ಯರ ಮೈಮೇಲೆ ಹೊಡೆಯಬಾರದು ಎಂದು ನಮ್ಮ ಕೇಂದ್ರ ಆರೋಗ್ಯ ಇಲಾಖೆ ಏಪ್ರಿಲ್ 18ರಂದೇ ತಿಳಿಸಿತ್ತು.

ಹಂಗಾದ್ರ ಕಾಕಾನ ಕರ ಯಾಕ ಸತ್ತಿತು?

ಇಷ್ಟೆಲ್ಲ ಓದಿದ ಮೇಲೆ ತಪ್ಪು ನನ್ನದೇ ಎಂದು ನಾನು ಡಾಕ್ಟರ ಮುಂದೆ ಅತ್ತೆ. ಅವರು ಹೇಳಿದರು: "ಫಿನಾಯಿಲ್ ನಂಬಿದ್ದು ಎಷ್ಟು ಅವಸರವೋ, ಈಗ ಅದರಿಂದಲೇ ಸತ್ತಿತು ಅನ್ನೂದೂ ಅಷ್ಟೇ ಅವಸರ. ನೀರಿನ ಬಿಲ್ಲೆ ಎಲ್ಲೈತಿ?"

ನಿಜ. ಈ ವೈರಸ್ ಗಾಳಿಯಿಂದಲೂ ಬರುತ್ತದೆ. ಹಾಲು ಹಿಂಡುವವರ ಕೈ, ಬಟ್ಟೆ, ಚಪ್ಪಲಿಯಿಂದಲೂ ಬರುತ್ತದೆ. ಗುಣವಾದ ಎಮ್ಮಿಯ ಗಂಟಲಿನಲ್ಲಿ ಬಹಳ ದಿನ ಉಳಿದಿರಬಹುದು. ಅಪ್ಪ ತ್ವಾಟದ ಎಮ್ಮಿ ಹಿಂಡಿ ಅದೇ ಧೋತರದಲ್ಲಿ ಕೊಟ್ಟಿಗೆಗೆ ಬರುತ್ತಿದ್ದರು. ಕಾಕಾನ ಕರ ಮೂರು ತಿಂಗಳದ್ದು, ಅದಕ್ಕೆ ಇನ್ನೂ ಲಸಿಕೆ ಹಾಕುವ ವಯಸ್ಸೇ ಆಗಿರಲಿಲ್ಲ. ಒಂದು ಕರ ಸತ್ತದ್ದು ಪ್ರಯೋಗ ಅಲ್ಲ. ಅದು ನಮ್ಮ ಕೊಟ್ಟಿಗೆಯಿಂದಲೇ ಸತ್ತಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಆದರೆ ಒಂದು ಮಾತ್ರ ಖಾತ್ರಿ: "ಈಗ ಕಟ್ಟರಿ" ಎಂದು ಹೇಳಲು ನನ್ನ ಹತ್ತಿರ ವಾಸನೆಯೊಂದನ್ನು ಬಿಟ್ಟು ಬೇರೆ ಆಧಾರ ಇರಲಿಲ್ಲ.

ಇದನ್ನು ಅಪ್ಪ, ಕಾಕಾ ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. ಕಾಕಾ ಏನೂ ಅನ್ನಲಿಲ್ಲ. ಮರುದಿನ ಮುಂಜಾನೆ ಸಲಿಕೆ ತಗೊಂಡು ನಮ್ಮ ಕೊಟ್ಟಿಗೆಗೆ ಬಂದರು. ಅಪ್ಪ ಬುಟ್ಟಿ ಹಿಡಿದರು. ಸೆಗಣಿ ಕೆರೆದು, ಹಳೇ ಮೇವು ಸುಟ್ಟು, ಗ್ವಾದಲಿ ತಿಕ್ಕಿ ತೊಳೆದೆವು. ಆಮೇಲೆ ಸೋಡಾ ನೀರು. ನಡುವೆ ಕಾಕಾ, "ಅಣ್ಣಾ, ಆ ಮೂಲಿಗೆ ಬಿದ್ದಿಲ್ಲ ನೋಡು" ಅಂದರು. ಎರಡು ತಿಂಗಳಿಗೆ ಅದೇ ಮೊದಲ ಮಾತು.

ನೆನಪಿಡಿರಿ

* ಮೊದಲು ಕೆರೆದು ತೊಳೆಯಿರಿ, ಆಮೇಲೆ ಔಷಧ. ಹೊಲಸಿನ ಮೇಲೆ ಹಾಕಿದ ಔಷಧ ಹೊಲಸಿಗೇ ಹೋಗುತ್ತದೆ.
* ಕಾಲುಬಾಯಿ ಬ್ಯಾನಿಗೆ: 10 ಲೀಟರ್ ಬಿಸಿ ನೀರಿಗೆ 400 ಗ್ರಾಂ ಬಟ್ಟೆ ಸೋಡಾ (ಅಡಿಗಿ ಸೋಡಾ ಅಲ್ಲ). ನೆಲ ಹತ್ತು ನಿಮಿಷಕ್ಕಿಂತ ಕಡಿಮೆ ಹಸಿ ಇರಬಾರದು. ಕಣ್ಣಿಗೆ, ಗಾಯಕ್ಕೆ ತಾಗಿಸಬ್ಯಾಡ್ರಿ.
* ಔಷಧ ಕೊಳ್ಳುವಾಗ ನಾಲ್ಕು ಪ್ರಶ್ನೆ: ಯಾವ ರೋಗಾಣುವಿನ ಮೇಲೆ ಪರೀಕ್ಷೆ? ಹೊಲಸು ಇದ್ದಾಗಲೋ ಇಲ್ಲದಾಗಲೋ? ಎಷ್ಟು ಹೊತ್ತು? ಯಾವುದಕ್ಕೆ ಹೋಲಿಸಿ?
* ಎಲ್ಲಕ್ಕಿಂತ ದೊಡ್ಡದು ಲಸಿಕೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ಬ್ಯಾನಿಗೆ ಸಾವಿರಾರು ದನ ಸತ್ತವು. 2019ರಲ್ಲಿ ದೇಶದ ತುಂಬ ಲಸಿಕೆಯ ದೊಡ್ಡ ಕಾರ್ಯಕ್ರಮ ಶುರುವಾಯಿತು. ಕರಕ್ಕೆ ನಾಲ್ಕು ತಿಂಗಳಾದ ಮೇಲೆ ಮೊದಲ ಸೂಜಿ, ಆಮೇಲೆ ಆರು ತಿಂಗಳಿಗೊಮ್ಮೆ. "ಹಾಲು ಕಡಿಮಿ ಆಗತೈತಿ" ಎಂದು ತಪ್ಪಿಸಬ್ಯಾಡ್ರಿ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಹಿರಿಯರು ಹೇಳಿದ್ದಾರೆ. ನಾನು ಕಣ್ಣಿಂದ ಕೂಡ ನೋಡಿರಲಿಲ್ಲ, ಮೂಗಿನಿಂದ ನಂಬಿದ್ದೆ. ನೀವು ಹಂಗ ಮಾಡಬ್ಯಾಡ್ರಿ.

ಲೇಖನದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಿಂದ ತಿದ್ದಬೇಕೆಂದು ವಿನಂತಿ. ಅಕ್ಷರ ಚೆಂದ ಇರುವವರು ಯಾರಾದರೂ "ನೆನಪಿಡಿರಿ" ಭಾಗವನ್ನಷ್ಟೇ ಇನ್ನೊಂದು ಹಾಳೆಯಲ್ಲಿ ಬರೆದುಕೊಟ್ಟರೆ, ನಮ್ಮೂರ ಹಾಲಿನ ಡೇರಿಯ ಗೋಡೆಗೆ ಹಚ್ಚಿ ಬರುತ್ತೇನೆ.

ಇಂತಿ ನಿಮ್ಮ ಗೆಳತಿ,
9ನೇ ತರಗತಿ